ಖುದ್ದು ಯಜಮಾನರ ಕೈಗೆ

ಪೆಟ್ಟಿಗೆ ನೆಲದಿಂದ ಒಂದು ಗೇಣು ಮೇಲೆದ್ದಿತ್ತು. ಅಷ್ಟರಲ್ಲಿ ಗೋದಾಮಿನ ಯಜಮಾನರು ಗುಂಪನ್ನು ಸೀಳಿಕೊಂಡು ಬಂದವರೇ ಎಡಬದಿಯ ಮುಂದಿನ ಹಿಡಿಕೆಗೆ ಎರಡೂ ಕೈ ಹಾಕಿ, ಅಲ್ಲಿ ಮೊದಲೇ ನಿಂತಿದ್ದ ಬೇಕರಿಯವನನ್ನು ಭುಜದಿಂದ ಆಚೆ ತಳ್ಳಿದರು.

"ನೀನು ಬಿಡಪ್ಪಾ. ನಾನು ಹೊರ್ತೀನಿ."

ಬೇಕರಿಯವನ ಕಣ್ಣು ತುಂಬಿತು. ಸುತ್ತ ನಿಂತ ಮುನ್ನೂರು ಮಂದಿಯೂ ಮೂಗೊರೆಸಿಕೊಂಡರು. ತಮ್ಮ ಕೊಡೆಯನ್ನೂ ಇನ್ನೊಬ್ಬರ ಕೈಯಲ್ಲಿ ಹಿಡಿಸಿಕೊಂಡು ನಡೆಯುವ ಮನುಷ್ಯ, ಸತ್ತ ಹೆಂಗಸೊಬ್ಬಳ ಭಾರಕ್ಕೆ ಹೀಗೆ ಮುಂದಾಗುವುದೆಂದರೆ ಕಲ್ಲಾದರೂ ಕರಗಬೇಕು.

ಕರಗದೆ ಉಳಿದವಳು ಸತ್ತಾಕೆಯ ಟೈಪಿಸ್ಟ್ ಟಕಟಕ ಒಬ್ಬಳೇ. ಅವಳು ಮೂರು ಹೆಜ್ಜೆ ಹಿಂದೆ, ಕಂದು ಲಕೋಟೆಯೊಂದನ್ನು ಎದೆಗೊತ್ತಿಕೊಂಡು ನಿಂತಿದ್ದಳು. ತುಟಿ ಅಲ್ಲಾಡಿಸದೆ ಬೈದಳು. "ಹಾಳಾದವನೇ. ಇನ್ನು ಸ್ಮಶಾನ ಮುಟ್ಟೋವರೆಗೂ ಎರಡು ಕೈಗೂ ಕೆಲಸ."

ಬೆಳಗಿನಿಂದ ಇದು ಐದನೇ ಸಲ. ಒಂಬತ್ತು ಗಂಟೆಗೆ ಬಾಗಿಲಲ್ಲೇ ಅವರನ್ನು ಅಡ್ಡಗಟ್ಟಿದಾಗ ಯಜಮಾನರು ಒಂದು ಕೈಯಲ್ಲಿ ಹೂಗುಚ್ಛ, ಇನ್ನೊಂದರಲ್ಲಿ ಟೋಪಿ ಹಿಡಿದಿದ್ದರು. ಹತ್ತಕ್ಕೆ ಒಂದರಲ್ಲಿ ಚಹಾದ ಲೋಟ, ಇನ್ನೊಂದರಲ್ಲಿ ಪಕ್ಕದವರ ಚಹಾದ ಲೋಟ. ಹತ್ತೂವರೆಗೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದರು. ಬೆರಳ ಸಂದಿಯಿಂದ ಒಂದು ಕಣ್ಣು ಮಾತ್ರ ಲಕೋಟೆ ಎಲ್ಲಿದೆ ಎಂದು ನೋಡುತ್ತಿತ್ತು. ಹನ್ನೊಂದಕ್ಕೆ ಎರಡೂ ಕೈ ಪ್ಯಾಂಟಿನ ಜೇಬಿಗೆ ಇಳಿದವು, ಮೊಣಕೈವರೆಗೆ. ಅಷ್ಟು ಆಳದ ಜೇಬು ಹೊಲಿದ ದರ್ಜಿಗೆ ಸನ್ಮಾನ ಮಾಡಬೇಕು.

ಲಕೋಟೆಯಲ್ಲಿದ್ದದ್ದು ಲಾಂಡ್ರಿಯಾಕೆಯ ಕಾಗದ. ಯಜಮಾನರ ಗೋದಾಮಿನಲ್ಲಿ ಆಕೆಯ ಲಾಂಡ್ರಿ ನಡೆಯುತ್ತಿತ್ತು. ಊರಿನ ಅಷ್ಟೂ ವಸತಿಗೃಹಗಳ ಹೊದಿಕೆ, ಎರಡು ಆಸ್ಪತ್ರೆಗಳ ಪರದೆ, ಒಂಬತ್ತು ಜನ ಕೆಲಸಗಾರರು, ಆನೆಗೆ ಸ್ನಾನ ಮಾಡಿಸುವಷ್ಟು ದೊಡ್ಡ ನಾಲ್ಕು ಯಂತ್ರಗಳು. ಕರಾರಿನ ಹನ್ನೆರಡನೇ ಕಲಮಿನ ಪ್ರಕಾರ ಇನ್ನೈದು ವರ್ಷ ಮುಂದುವರಿಯಬೇಕಾದರೆ ಬಾಡಿಗೆದಾರರು ಹಾಗೆಂದು ಬರೆದು, ಇಂದು ಸಂಜೆ ಐದರೊಳಗೆ, 'ಖುದ್ದು ಯಜಮಾನರ ಕೈಗೆ' ತಲುಪಿಸಬೇಕು. ಅಂಚೆ ನಡೆಯದು, ಫೋನು ನಡೆಯದು, ಕಾವಲುಗಾರನ ಕೈಗೆ ಕೊಟ್ಟರೂ ನಡೆಯದು. ಹಿಂದೊಮ್ಮೆ ಆ ಕಾವಲುಗಾರ ತನಗೆ ಕೊಟ್ಟ ನೋಟೀಸನ್ನು ಒದ್ದೆ ಬೂಟಿನೊಳಗೆ ತುರುಕಿ ತೇವ ಆರಿಸಿದ್ದ. ಊರಾಚೆಯ ದೊಡ್ಡ ಕಂಪನಿಯೊಂದು ಗೋದಾಮಿನ ಮೇಲೆ ಕಣ್ಣಿಟ್ಟಿತ್ತು. ಐದು ಗಂಟೆ ದಾಟಿದರೆ ಯಜಮಾನರು ಸ್ವತಂತ್ರರು, ಲಾಂಡ್ರಿಯಾಕೆ ಬೀದಿಗೆ.

"ಜೇಬಿಗೆ ತುರುಕಿಬಿಡಲಾ?" ಎಂದು ಟಕಟಕ ಪಕ್ಕದಲ್ಲಿದ್ದ ಉದ್ದ ವಕೀಲರನ್ನು ಕೇಳಿದಳು. ಅವರು ಎಷ್ಟು ಉದ್ದವೆಂದರೆ ನ್ಯಾಯಾಲಯದ ಫ್ಯಾನಿಗೆ ಹೆದರಿ ಕುಳಿತೇ ವಾದ ಮಾಡುತ್ತಿದ್ದರು.

"ತುರುಕಬಹುದು. ಆದ್ರೆ ನೋಡಮ್ಮಾ, ಸ್ವೀಕಾರ ಅನ್ನೋದು ಇದೆಯಲ್ಲ, ಅದರಲ್ಲಿ ಎರಡು ಬಗೆ. ಒಂದನೇದು..."

"ಬೆಂಕಿಪೆಟ್ಟಿಗೆ ಮೇಲೆ ಹಿಡಿಸೋಷ್ಟು ಹೇಳಿ ಸಾರ್."

ವಕೀಲರು ಒಂದು ಕ್ಷಣ ಪೆಟ್ಟಿಗೆಯತ್ತ ನೋಡಿದರು. ಅದರೊಳಗೆ ಮಲಗಿದ್ದಾಕೆ ಅವರನ್ನು ಇಪ್ಪತ್ತೆರಡು ವರ್ಷ ಹೀಗೇ ಹತೋಟಿಯಲ್ಲಿ ಇಟ್ಟವಳು. "ಅವರೇ ಕೈಚಾಚಿ ಹಿಡೀಬೇಕು," ಎಂದರು. "ತುರುಕಿದ್ರೆ ಎರಡು ವರ್ಷ ಕೋರ್ಟು. ನಾನು ಗೆಲ್ಲಿಸ್ತೀನಿ. ಅಷ್ಟೊತ್ತಿಗೆ ಲಾಂಡ್ರಿ ಇರಲ್ಲ."

*

ಪೆಟ್ಟಿಗೆಯಲ್ಲಿದ್ದಾಕೆಯನ್ನು ಊರು ವಾಯಿದೆಯಮ್ಮ ಎಂದು ಕರೆಯುತ್ತಿತ್ತು. ಸೂರ್ಯ ಹುಟ್ಟುವುದನ್ನು ಒಂದು ದಿನ ಮರೆತರೂ ಮರೆಯಬಹುದು, ಆಕೆ ಮೂವತ್ತೊಂದು ವರ್ಷದಲ್ಲಿ ಒಂದು ವಾಯಿದೆಯನ್ನೂ ಮರೆತವಳಲ್ಲ. ಆಕೆ ವಕೀಲೆಯಲ್ಲ. ಕಾನೂನು ಓದಿದವಳೂ ಅಲ್ಲ. ಆದರೆ ಊರಿನ ಎಪ್ಪತ್ತು ವಕೀಲರಲ್ಲಿ ಯಾರಿಗೆ ಊಟವಾದ ಮೇಲೆ ತಲೆ ಓಡುವುದಿಲ್ಲ, ಯಾರು ಗೆಲ್ಲುವ ಮೊಕದ್ದಮೆಯನ್ನು ಬೇಸರಕ್ಕೇ ಸೋಲುತ್ತಾರೆ, ಯಾರಿಗೆ ತಾವು ಹೇಳಿದ್ದನ್ನು ಇನ್ನೊಮ್ಮೆ ಹೇಳಲು ಬರುವುದಿಲ್ಲ, ಎಲ್ಲ ಅವಳಿಗೆ ಬಾಯಿಪಾಠ.

ದೊಡ್ಡ ಕಂಪನಿಗಳು ಒಂದು ಮಹಡಿ ತುಂಬ ವಕೀಲರನ್ನು ಸಾಕುತ್ತವೆ. ಬೇಕರಿಯವನು, ಬೀಗದಂಗಡಿಯವನು, ಬಟ್ಟೆ ಒಗೆಯುವವಳು ಯಾರನ್ನು ಸಾಕಬೇಕು? ಅವರು ವಾಯಿದೆಯಮ್ಮನ ಹತ್ತಿರ ಬರುತ್ತಿದ್ದರು. ಎರಡನೇ ಮಹಡಿ, ಒಂದೇ ಕೋಣೆ, ಎರಡು ಮೇಜು, ಗೋಡೆ ತುಂಬ ತಾರೀಖು. ಆಕೆ ಅವರ ಕರಾರು ಓದುತ್ತಿದ್ದಳು, ಎಲ್ಲಿ ವಕೀಲ ಬೇಕು ಎಲ್ಲಿ ಬೇಡ ಎಂದು ಹೇಳುತ್ತಿದ್ದಳು, ಬೇಕಾದರೆ ತಕ್ಕವರನ್ನು ಹುಡುಕಿ, ಅವರ ಮುಂದೆ ಕಕ್ಷಿದಾರನ ಪರವಾಗಿ ಕೂತು, ಹೊರಗೆ ಬಂದು ಅವರು ಹೇಳಿದ್ದೇನೆಂದು ಮನುಷ್ಯರ ಭಾಷೆಯಲ್ಲಿ ತಿಳಿಸುತ್ತಿದ್ದಳು.

ಟಕಟಕ ಕೆಲಸಕ್ಕೆ ಸೇರಿದ ಮೊದಲ ದಿನವೇ ಉದ್ದ ವಕೀಲರು ಬಂದಿದ್ದರು. ಬೀಗದಂಗಡಿಯವನ ಒಂದು ಸಣ್ಣ ತಕರಾರಿಗೆ ಹದಿನಾಲ್ಕು ಪುಟದ ಸಲಹೆ. ವಾಯಿದೆಯಮ್ಮ ಅದನ್ನು ತಿರುವಿ ನೋಡಿ, ಮೇಜಿನ ಮೇಲಿದ್ದ ಬೆಂಕಿಪೆಟ್ಟಿಗೆಯನ್ನು ಅವರ ಕಡೆ ತಳ್ಳಿದಳು.

"ಇದರ ಬೆನ್ನ ಮೇಲೆ ಬರೀರಿ."

"ಇದರ ಮೇಲೆ? ಹೇಗ್ರೀ ಸಾಧ್ಯ?"

"ಬೀಗದವನು ಅಂಗಡಿ ಬಾಗಿಲಲ್ಲಿ ನಿಂತು ಓದಬೇಕು. ಗಿರಾಕಿ ಬರೋದ್ರೊಳಗೆ ಅರ್ಥ ಆಗಬೇಕು. ಆಗಲ್ಲ ಅಂದ್ರೆ ಹೇಳಿ, ಕೆಮ್ಮು ವಕೀಲರ ಹತ್ರ ಹೋಗ್ತೀನಿ. ಅವರಿಗೆ ಕೆಮ್ಮಿನ ಮಧ್ಯೆ ಜಾಗ ಕಮ್ಮಿ, ಚುಟುಕಾಗಿ ಹೇಳ್ತಾರೆ."

ಉದ್ದ ವಕೀಲರು ಅರ್ಧ ಗಂಟೆ ಬೆವರಿದರು. ಕೊನೆಗೆ ಬರೆದರು: 'ತೆಪ್ಪಗಿರು. ಅವನೇ ಬರ್ತಾನೆ.' ಬೀಗದವನು ತೆಪ್ಪಗಿದ್ದ, ಅವನೇ ಬಂದ. ಉದ್ದ ವಕೀಲರು ತಮ್ಮ ಜೀವಮಾನದಲ್ಲಿ ಕೊಟ್ಟ ಅತ್ಯುತ್ತಮ ಸಲಹೆ ಅದೇ ಎಂದು ಇಂದಿಗೂ ಹೇಳಿಕೊಳ್ಳುತ್ತಾರೆ. ಹಾಗೆ ಹೇಳಿಕೊಳ್ಳಲು ಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತಾರೆ.

ಅವತ್ತೇ ಟೈಪಿಸ್ಟಿಗೆ ಟಕಟಕ ಎಂಬ ಹೆಸರು ಬಿತ್ತು. ಅವಳು ಯಂತ್ರದ ಮುಂದೆ ಕೂತರೆ ಕೆಳಗಿನ ಮಹಡಿಯವರು ಆಲಿಕಲ್ಲು ಬಿತ್ತೆಂದು ಕಿಟಕಿ ಹಾಕಿಕೊಳ್ಳುತ್ತಿದ್ದರು. ಇಪ್ಪತ್ತೆರಡು ವರ್ಷ ಆ ಕೋಣೆಯಲ್ಲಿ ಅವಳ ಬೆರಳು ತಪ್ಪಿದ್ದಿಲ್ಲ.

ತಪ್ಪಿದ್ದು ಒಂದೇ ಸಲ. ಹತ್ತು ದಿನದ ಹಿಂದೆ.

*

ಮೆರವಣಿಗೆ ಮೀನುಪೇಟೆಯ ತಿರುವಿನಲ್ಲಿ ನಿಂತಿತು. ಮುಂದೆ ಲಾರಿಯೊಂದು ಹಿಂದಕ್ಕೂ ಬರಲಾರದೆ ಮುಂದಕ್ಕೂ ಹೋಗಲಾರದೆ ಸಿಕ್ಕಿಕೊಂಡಿತ್ತು. ಪೆಟ್ಟಿಗೆ ಹೊತ್ತವರು ಕೈ ಬದಲಾಯಿಸಿದರು. ಯಜಮಾನರು ಮಾತ್ರ "ನನಗೇನೂ ಸುಸ್ತಿಲ್ಲ" ಎಂದು ಹಿಡಿಕೆ ಬಿಡಲಿಲ್ಲ. ಅವರ ಕತ್ತಿನಿಂದ ಬೆವರು ಕೊಳಾಯಿಯಂತೆ ಸುರಿಯುತ್ತಿತ್ತು.

ಲಾಂಡ್ರಿಯಾಕೆ ಟಕಟಕಳ ತೋಳಿಗೆ ಜೋತುಬಿದ್ದಳು. ಅಳುವಾಗಲೂ ಜಗಳವಾಡುವ ದನಿ ಆಕೆಯದು.

"ನೋಡೇ ಆ ಮನುಷ್ಯನ್ನ! ಹೆಂಗೆ ಹೊರ್ತಿದ್ದಾನೆ! ನಾನೇ ತಪ್ಪು ತಿಳ್ಕೊಂಡಿದ್ದೆ ಅನ್ಸುತ್ತೆ. ನನ್ನ ಕಾಗದ ಓದಿ ಮೆತ್ತಗಾಗಿರಬೇಕು."

ಟಕಟಕ ಲಕೋಟೆಯನ್ನು ಆಕೆಗೆ ಕಾಣದ ಕಂಕುಳಿಗೆ ಸರಿಸಿದಳು.

"ಸ್ವಲ್ಪ ಜಾಸ್ತಿನೇ ಬೈದಿದ್ದೆ, ಅಲ್ವಾ? ನೀನು ಟೈಪ್ ಮಾಡುವಾಗ ಏನಾದ್ರೂ ತಿದ್ದಿದ್ಯಾ?"

"ಇಲ್ಲ. ನಿಮ್ಮ ಕೈಬರಹದ್ದೇ ಇದೆ."

"ಇದೆ ಅಂದ್ರೆ?"

"ಇತ್ತು. ಚೆನ್ನಾಗಿತ್ತು ಅಂದೆ."

"ಹಂಗೇ ಕೊಟ್ಯಾ? ಒಳ್ಳೇದಾಯ್ತು ಬಿಡು. ಏನಂದ ಅವನು?"

ಲಾರಿ ಒಮ್ಮೆ ಗುಡುಗಿ ಹೊಗೆ ಬಿಟ್ಟಿತು. ಟಕಟಕ ಕೆಮ್ಮಿದಳು. ಬೇಕಾದ್ದಕ್ಕಿಂತ ಹೆಚ್ಚೇ ಕೆಮ್ಮಿದಳು. ಲಾಂಡ್ರಿಯಾಕೆ ಅವಳ ಬೆನ್ನು ತಟ್ಟಿದಳು. ಸೋಡಾ ನೀರಿನಲ್ಲಿ ಮೂವತ್ತು ವರ್ಷ ನೆನೆದು ಒರಟಾದ ಅಂಗೈ, ಪ್ರತಿ ತಟ್ಟಿಗೂ ಬೆನ್ನ ಮೇಲೆ ತಪ್ಪೊಪ್ಪಿಗೆ ಬರೆಸಿಕೊಳ್ಳುವಂತಿತ್ತು. "ಅತ್ತುಬಿಡೇ," ಎಂದಳು ಆಕೆ. "ಬೆಳಗ್ಗಿಂದ ನೋಡ್ತಿದ್ದೀನಿ, ಒಂದು ಕಡೆ ನಿಲ್ಲಲ್ಲ ನೀನು. ಇರುವೆ ಕಚ್ಚಿದವರ ಹಂಗೆ. ಅವರೇ ಹೋದ ಮೇಲೆ ನಿನಗೆ ಇನ್ಯಾವ ಅರ್ಜೆಂಟು?"

*

ಆ ಕೋಣೆಯಲ್ಲೊಂದು ಡ್ರಾಯರಿತ್ತು. ವಾಯಿದೆಯಮ್ಮನ ಮೇಜಿನ ಎಡಕ್ಕೆ, ಕೆಳಗಿನದು. ಅದರ ಗುಟ್ಟು ತಿಳಿದವರು ಇಡೀ ಭೂಮಂಡಲದಲ್ಲಿ ಇಬ್ಬರೇ.

ಸಿಟ್ಟು ಬಂದವರು ಕಾಗದ ಬರೆದು ತರುತ್ತಿದ್ದರು. 'ಇದನ್ನ ಇವತ್ತೇ ವಕೀಲರ ಕೈಲಿ ಕಳಿಸಿ, ಅವನ ವಂಶ ನಡುಗಬೇಕು.' ಪಾಲುದಾರನಿಗೆ, ಸರಕು ಕೊಡುವವನಿಗೆ, ಪಕ್ಕದಂಗಡಿಗೆ. ವಾಯಿದೆಯಮ್ಮ ಗಂಭೀರವಾಗಿ ತೆಗೆದುಕೊಂಡು, ಮೊಹರು ಹಾಕಿ, "ಆಯ್ತು, ನಾನು ನೋಡ್ಕೋತೀನಿ" ಎನ್ನುತ್ತಿದ್ದಳು. ಅವರು ಮೆಟ್ಟಿಲಿಳಿದದ್ದು ಕೇಳಿಸಿದ ಮೇಲೆ ಕಾಗದ ಡ್ರಾಯರಿಗೆ.

"ಹನ್ನೊಂದು ದಿನ ಮಾಗಲಿ," ಎನ್ನುತ್ತಿದ್ದಳು. "ಹತ್ತು ದಿನಕ್ಕೆ ಸಿಟ್ಟು ಇಳಿಯುತ್ತೆ. ಹನ್ನೊಂದನೇ ದಿನ ಫೋನ್ ಮಾಡಿ, ಹೇಗಿದ್ದೀರಿ ಅಂತ ಕೇಳು. ಅವರಾಗಿ ಆ ವಿಷಯ ಎತ್ತಿದ್ರೆ ಕಳಿಸೋಣ."

"ಎತ್ತದೇ ಇದ್ರೆ?"

"ಇಲ್ಲೇ ಇರಲಿ. ತಿಂದು ಹೋಗಲ್ಲ."

ಆ ಡ್ರಾಯರಿನಿಂದಾಗಿ ಊರಿನಲ್ಲಿ ಎಷ್ಟು ಮೊಕದ್ದಮೆ ಹುಟ್ಟುವ ಮೊದಲೇ ತೀರಿಕೊಂಡವೋ ಲೆಕ್ಕವಿಲ್ಲ. ನ್ಯಾಯಾಲಯದ ಎರಡು ಕೋಣೆಗಳಿಗೆ ಬೀಗ ಬಿದ್ದದ್ದೂ ಅದರಿಂದಲೇ ಎಂದರೆ ನಂಬಬೇಕು. ಕಳಿಸಿದಿರಾ ಎಂದು ಕೇಳಿದವರಿಗೆ ವಾಯಿದೆಯಮ್ಮ ಸುಳ್ಳು ಹೇಳುತ್ತಿರಲಿಲ್ಲ. ಆದರೆ ಕೇಳಿದವರು ಕಡಿಮೆ. ಎದುರಾಳಿ ಸುಮ್ಮನಾದರೆ ನೋಟೀಸಿಗೆ ಹೆದರಿದ ಎಂದುಕೊಂಡು ಮೀಸೆ ತಿರುವಿಕೊಂಡು ಬದುಕುತ್ತಿದ್ದರು.

ಹತ್ತು ದಿನದ ಹಿಂದೆ ವಾಯಿದೆಯಮ್ಮ ಮೇಜಿನ ಮೇಲೆಯೇ ಕುಸಿದಳು. ಅವಳನ್ನು ಕುರ್ಚಿ ಸಮೇತ ಕೆಳಗಿಳಿಸಿ ಆಸ್ಪತ್ರೆಯ ಗಾಡಿಗೆ ಹತ್ತಿಸಿ ಟಕಟಕ ಮೇಲೆ ಬಂದರೆ, ಬಾಗಿಲ ಸಂದಿಯಲ್ಲಿ ಲಾಂಡ್ರಿಯಾಕೆಯ ಕಾಗದ ತೂರಿಬಂದಿತ್ತು. ಓದಿದಳು. 'ನಿಮ್ಮ ಕೊಳಾಯಿ ಸೋರಿ ನನ್ನ ನೂರಿಪ್ಪತ್ತು ಹೊದಿಕೆ ಹಾಳಾದವು. ನಿಮ್ಮ ಮನಸ್ಸಿಗೆ ನನ್ನ ದೊಡ್ಡ ಯಂತ್ರದಲ್ಲಿ ಏಳು ಸಲ ಹಾಕಿದರೂ ಹೋಗದ ಕಲೆ ಇದೆ...' ನಾಲ್ಕು ಸಾಲು ಸಾಕಾಯಿತು. ಬೈಗುಳ. ಕಣ್ಣೊರೆಸಿಕೊಂಡು, ಮೊಹರು ಹಾಕಿ, ಡ್ರಾಯರಿಗೆ ತಳ್ಳಿ, ಆಸ್ಪತ್ರೆಗೆ ಓಡಿದಳು.

ಇಂದು ಬೆಳಿಗ್ಗೆ ಪೆಟ್ಟಿಗೆಯ ಪಕ್ಕ ಇಡಲು ಪಟವೊಂದು ಬೇಕೆಂದು ಕಚೇರಿಗೆ ಹೋಗಿದ್ದಳು. ನಾಳೆ ವಾಯಿದೆಯಮ್ಮನ ತಮ್ಮ ಬಂದು ಕೋಣೆ ಖಾಲಿ ಮಾಡುತ್ತಾನೆ, ಡ್ರಾಯರಿನ ಗುಟ್ಟು ಅವನ ಕೈಗೆ ಸಿಗಬಾರದೆಂದು ತೆರೆದಳು. ಲಾಂಡ್ರಿಯಾಕೆಯ ಕಾಗದ ಮೇಲೇ ಇತ್ತು. ಈ ಸಲ ಕೊನೆಯ ಸಾಲಿನವರೆಗೆ ಓದಿದಳು. 'ಇಷ್ಟಾದರೂ ಹನ್ನೆರಡನೇ ಕಲಮಿನಂತೆ ಇನ್ನೈದು ವರ್ಷ ಇಲ್ಲೇ ಇರುತ್ತೇನೆ ಎಂದು ಈ ಮೂಲಕ ತಿಳಿಸುತ್ತೇನೆ, ನಿಮಗೆ ಇಷ್ಟವಿರಲಿ ಬಿಡಲಿ.' ಗೋಡೆ ನೋಡಿದಳು. ಇಂದಿನ ತಾರೀಖಿನ ಸುತ್ತ ವಾಯಿದೆಯಮ್ಮ ಎಂದೋ ಎಳೆದ ಕೆಂಪು ವೃತ್ತ.

ಮೂವತ್ತೊಂದು ವರ್ಷ ತಪ್ಪದ ಹೆಂಗಸಿನ ವಾಯಿದೆ, ಆಕೆಯನ್ನು ಮಣ್ಣು ಮಾಡುವ ದಿನವೇ ತಪ್ಪಬೇಕೆ? ಅದೂ ಟಕಟಕಳ ಕೈಯಿಂದ?

*

ಸ್ಮಶಾನದಲ್ಲಿ ಪೆಟ್ಟಿಗೆ ಕೆಳಗಿಳಿಯಿತು. ಯಜಮಾನರ ಕೈ ಖಾಲಿಯಾದ ಅರೆಗಳಿಗೆಯಲ್ಲೇ ಟಕಟಕ ಎರಡು ಸಾಲು ಜನರನ್ನು ದಾಟಿದಳು. ಅಷ್ಟರಲ್ಲಿ ಅವರು ಬಗ್ಗಿ ಎರಡೂ ಕೈ ತುಂಬ ಮಣ್ಣು ಎತ್ತಿಕೊಂಡಿದ್ದರು. ಎಲ್ಲರೂ ಒಂದೊಂದು ಹಿಡಿ ಹಾಕಿ ಸರಿದರು. ಯಜಮಾನರು ಮಣ್ಣು ಹಾಕಲೇ ಇಲ್ಲ. ಕೈ ತುಂಬ ಹಿಡಿದುಕೊಂಡೇ ನಿಂತರು.

"ಹಾಕಿ ಸಾರ್," ಎಂದಳು ಟಕಟಕ ಅವರ ಕಿವಿಯ ಬಳಿ.

"ಮನಸ್ಸು ಬರ್ತಾ ಇಲ್ಲಮ್ಮಾ."

"ಐದು ಗಂಟೆವರೆಗೂ ಬರಲ್ಲ ಅನ್ಸುತ್ತೆ."

"ಹೇಳೋಕಾಗಲ್ಲ. ದುಃಖ ನೋಡು, ಯಾರ ಮಾತೂ ಕೇಳಲ್ಲ." ಅವರ ತುಟಿಯ ಮೂಲೆಯಲ್ಲೊಂದು ನಗೆ ಇಣುಕಿ ಅಡಗಿತು.

ವಾಯಿದೆಯಮ್ಮನ ತಮ್ಮ, ಯಾರಾದರೂ ಎರಡು ಮಾತು ಆಡುವುದಿದ್ದರೆ ಆಡಿ ಎಂದ. ಬೇಕರಿಯವನು ಮುಂದೆ ಬಂದ. ಹೊರಲು ಬಿಡದ ದುಃಖವನ್ನೆಲ್ಲ ಮಾತಿಗೆ ಹಾಕಿದ.

"ಈ ತಾಯಿ ಇಲ್ಲದಿದ್ರೆ ನನ್ನ ಒಲೆ ಯಾವತ್ತೋ ಆರಿಹೋಗ್ತಿತ್ತು. ಒಂಬತ್ತು ವರ್ಷದ ಹಿಂದೆ ಹಿಟ್ಟಿನ ಗಿರಣಿಯವರು ನನಗೆ ಹುಳ ಬಿದ್ದ ಹಿಟ್ಟು ಕೊಟ್ರು. ಅಮ್ಮ ಎಂಥಾ ನೋಟೀಸ್ ಕಳಿಸಿದ್ರು ಅಂದ್ರೆ, ಹನ್ನೆರಡೇ ದಿನಕ್ಕೆ ಗಿರಣಿಯವರು ತಾವಾಗಿ ನನ್ನ ಬಾಗಿಲಿಗೆ ಬಂದ್ರು! ನಡುಗ್ತಾ ಬಂದ್ರು!"

ಹಿಟ್ಟಿನ ಗಿರಣಿಯವರು ಅಲ್ಲೇ ಇದ್ದರು, ಎರಡನೇ ಸಾಲಿನಲ್ಲಿ. "ಯಾವ ನೋಟೀಸು?" ಎಂದರು.

"ಅದೇ, ವಕೀಲರ ನೋಟೀಸು."

"ನನಗ್ಯಾವ ನೋಟೀಸೂ ಬಂದಿಲ್ವಲ್ಲಪ್ಪಾ. ನಿಮ್ಮ ಹೆಂಡತಿಗೆ ಮಗು ಆಗಿದೆ ಅಂತ ಕೇಳಿ ನೋಡ್ಕೊಂಡು ಹೋಗೋಕೆ ಬಂದಿದ್ದೆ. ಹಿಟ್ಟಿನ ಕತೆ ಅಲ್ಲಿಗೆ ಬಂದ ಮೇಲೇ ಗೊತ್ತಾಗಿದ್ದು. ನಡುಗ್ತಿದ್ದದ್ದು ಚಳಿಗೆ."

ಸ್ಮಶಾನದಲ್ಲಿ ಮೌನ ಸಹಜ. ಆದರೆ ಈಗ ಬಿದ್ದ ಮೌನಕ್ಕೆ ಪಕ್ಕದ ಸಮಾಧಿಗಳೂ ಕಿವಿ ನಿಮಿರಿಸಿದವು. ಎಲ್ಲರ ಕಣ್ಣೂ ಒಂದೊಂದಾಗಿ ಟಕಟಕಳ ಮೇಲೆ ಬಂದು ಕೂತವು. ಮೂವತ್ತೊಂದು ವರ್ಷದಲ್ಲಿ ಆ ಕೋಣೆಗೆ ಕಾಗದ ಕೊಟ್ಟವರೇ ಅಲ್ಲಿ ಅರ್ಧ ಜನ; ಪ್ರತಿಯೊಬ್ಬರೂ ತಮ್ಮ ತಮ್ಮ ನೋಟೀಸನ್ನು ನೆನಪಿನಿಂದ ಎಳೆದು ತೆಗೆದು ತಿರುಗಿಸಿ ನೋಡುತ್ತಿದ್ದರು. ಉದ್ದ ವಕೀಲರು ಮೊದಲ ಬಾರಿಗೆ ಕುಗ್ಗಿ ಗಿಡ್ಡವಾದರು.

"ಅಂಚೆಯಲ್ಲಿ ಕಳೆದಿರಬೇಕು," ಎಂದು ವಾಯಿದೆಯಮ್ಮನ ತಮ್ಮ ಸಮಾಧಾನ ಹೇಳಿದ.

ಟಕಟಕಳ ನೋಟ ಯಜಮಾನರ ಮುಖಕ್ಕೆ ಅಂಟಿಕೊಂಡಿತ್ತು. ಆ ಮುಖದ ಬಣ್ಣ ಇಳಿದುಹೋಗಿತ್ತು. ಬೆರಳು ಸಡಿಲವಾಗಿ ಮಣ್ಣೆಲ್ಲ ಅವರ ಬೂಟಿನ ಮೇಲೆ ಸುರಿದಿತ್ತು. ಎರಡೂ ಕೈ ಖಾಲಿ, ಪಕ್ಕದಲ್ಲಿ ಜೋತುಬಿದ್ದಿವೆ. ಒಂದು ಹೆಜ್ಜೆ ಇಟ್ಟರೆ ಸಾಕಿತ್ತು. ಅಂಥ ಮುಖದ ಮುಂದೆ ಅವಳಿಗೆ ಹೆಜ್ಜೆ ಎತ್ತಲಾಗಲಿಲ್ಲ. ಯಜಮಾನರು ಯಾರಿಗೂ ಹೇಳದೆ ತಿರುಗಿ ಗೇಟಿನ ಕಡೆ ನಡೆದುಬಿಟ್ಟರು.

*

ನಾಲ್ಕು ಗಂಟೆಗೆ ಅವಳು ಯಜಮಾನರ ಮನೆಯ ಗಂಟೆ ಒತ್ತಿದಳು, ಮನೆಯವರು ಇಲ್ಲ ಎಂದರು. ನಾಲ್ಕೂಕಾಲಿಗೆ ಗೋದಾಮಿಗೆ ಹೋದಳು. ಬೂಟಿನ ಕಾವಲುಗಾರ ಇಲ್ಲ ಎಂದ. ಅಲ್ಲಿಂದ ಕಚೇರಿಗೆ ಓಡಿಕೊಂಡು ಬಂದು, ಏದುಸಿರು ಬಿಡುತ್ತ ಬಾಗಿಲು ತೆರೆದಳು. ಕೂರಲು ಹೋದವಳು ಕೂರಲಿಲ್ಲ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ. ಲಾಂಡ್ರಿಯಾಕೆಗೆ ಹೇಗೆ ಹೇಳುವುದು ಎಂದು ಮೊದಲ ಸಾಲು ಕಟ್ಟುತ್ತಿದ್ದಳು, ಅದು ಬೆಂಕಿಪೆಟ್ಟಿಗೆಯ ಮೇಲೆ ಹಿಡಿಸುತ್ತಿರಲಿಲ್ಲ.

ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು.

ಯಜಮಾನರು ಬಾಗಿಲಲ್ಲಿ ನಿಂತರು. ಕೈಗಳೆರಡೂ ಮತ್ತೆ ಜೇಬಿನಲ್ಲಿ. ಗೋಡೆಯ ಗಡಿಯಾರ ನೋಡಿದರು. ನಾಲ್ಕು ಮೂವತ್ತೆಂಟು.

"ನಾನು ಅದಕ್ಕೆ ಬಂದದ್ದಲ್ಲ," ಎಂದರು. "ಒಂದು ವಿಷಯ ಕೇಳ್ಬೇಕು. ಆರು ವರ್ಷದ ಹಿಂದೆ ನಾನೂ ಇಲ್ಲೊಂದು ಕಾಗದ ಕೊಟ್ಟಿದ್ದೆ. ನಮ್ಮಣ್ಣನಿಗೆ. ನೆನಪಿದೆಯಾ?"

ಅವಳಿಗೆ ನೆನಪಿತ್ತು. ಅಣ್ಣತಮ್ಮಂದಿರು ಸೇರಿ ಕಟ್ಟಿದ ಗೋದಾಮು ಪಾಲಾದ ವರ್ಷ. ಹನ್ನೊಂದನೇ ದಿನ ವಾಯಿದೆಯಮ್ಮ ಫೋನು ಮಾಡಿದಾಗ ಈ ಮನುಷ್ಯ, "ಅವನ ಹೆಸರು ನನ್ನ ಮುಂದೆ ಎತ್ತಬೇಡಿ" ಎಂದು ಫೋನು ಕುಕ್ಕಿಟ್ಟಿದ್ದರು. ಕಳಿಸಿ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

"ಹೋಯ್ತಾ ಅದು?"

ಹೋಯ್ತು ಅಂದರೆ ವಾಯಿದೆಯಮ್ಮನ ಹೆಸರು ಉಳಿಯುತ್ತದೆ, ಗುಟ್ಟು ಉಳಿಯುತ್ತದೆ. ಅಂಚೆಯಲ್ಲಿ ಕಳೆದಿರಬೇಕು ಅಂದರೂ ಆಗುತ್ತದೆ. ಇನ್ನೂ ಒಂದು ದಾರಿ ಅವಳ ತಲೆಯೊಳಗೆ ಮಿಂಚಿತು: ಲಾಂಡ್ರಿಯ ಕಾಗದವನ್ನು ಈ ಕಾಗದದ ಮಡಿಕೆಯೊಳಗೆ ಇಟ್ಟು ಕೊಟ್ಟುಬಿಟ್ಟರೆ? ಕೈಚಾಚಿ ಹಿಡಿಯುತ್ತಾರೆ. ಉದ್ದ ವಕೀಲರೂ ಮೆಚ್ಚುತ್ತಾರೆ.

ಅವಳು ಬಗ್ಗಿ ಡ್ರಾಯರು ಎಳೆದಳು.

"ಇಲ್ಲ," ಎಂದಳು. "ಹೋಗಿಲ್ಲ. ಇಲ್ಲೇ ಇದೆ."

ಕಾಗದವನ್ನು ಹುಡುಕಿ ಮೇಜಿನ ಈ ತುದಿಗೆ ಇಟ್ಟಳು. ಕಂದು ಲಕೋಟೆಯನ್ನು ಬೇರೆಯಾಗಿ, ಆ ತುದಿಗೆ ಇಟ್ಟಳು. "ಇದು ನಿಮ್ಮದು. ಅದು ನಿಮಗೆ ಕೈಗೇ ಕೊಡಬೇಕಾದದ್ದು. ಒಂದಕ್ಕೊಂದು ಸಂಬಂಧ ಇಲ್ಲ. ನಿಮ್ಮದನ್ನ ತಗೊಂಡು ಹೋಗಬಹುದು."

ಯಜಮಾನರು ಮುಟ್ಟಲಿಲ್ಲ. ಅವರ ಕಿವಿ ಕೆಂಪಾಗುತ್ತಿತ್ತು.

"ಯಾರು ಕೊಟ್ರು ಆಕೆಗೆ ಈ ಅಧಿಕಾರ? ಹಾಂ? ನಾನು ಕೊಟ್ಟ ಕಾಗದ ಇಟ್ಕೊಳ್ಳೋಕೆ ಆಕೆ ಯಾರು? ಆರು ವರ್ಷ ಕಾದಿದ್ದೀನಿ ನಾನು! ಅಂಥಾ ಕಾಗದ ಓದಿದವನು ಒಂದು ಸಾಲು ಉತ್ತರ ಬರೀಲಿಲ್ವಲ್ಲ, ಕಲ್ಲು ಮನಸ್ಸಿನವನು, ಅಂತ ಅಂದ್ಕೊಂಡು... ಅತ್ತಿಗೆ ತೀರಿಕೊಂಡಾಗಲೂ ಹೋಗಲಿಲ್ಲ ನಾನು. ಅವನಿಗೇ ಬೇಡ ಅಂದ್ಮೇಲೆ ನಾನ್ಯಾಕೆ ಹೋಗಲಿ ಅಂತ."

ಇಪ್ಪತ್ತೆರಡು ವರ್ಷ ಆ ಡ್ರಾಯರನ್ನು ಟಕಟಕ ದೇವರ ಕೋಣೆಯಂತೆ ಕಂಡಿದ್ದಳು. ಅದು ಹೀಗೂ ಮಾಡಬಲ್ಲದೆಂದು ಯೋಚಿಸಿರಲಿಲ್ಲ. "ಅಮ್ಮ ತಪ್ಪು ಮಾಡಿದ್ರು," ಎಂದಳು ಮೆಲ್ಲಗೆ. ಆ ಮಾತು ಆ ಕೋಣೆಯಲ್ಲಿ ಹಿಂದೆಂದೂ ಹುಟ್ಟಿರಲಿಲ್ಲ. "ನಾನೂ ಮಾಡಿದ್ದೀನಿ. ನಿಮ್ಮ ಬಾಡಿಗೆದಾರರ ಕಾಗದನೂ ಇದೇ ಡ್ರಾಯರಲ್ಲಿ ಇಟ್ಟುಬಿಟ್ಟಿದ್ದೆ. ಬೈಗುಳ ನೋಡಿ."

ಯಜಮಾನರು ಕುರ್ಚಿಯಲ್ಲಿ ಕುಸಿದು ಕೂತರು. ಬಹಳ ಹೊತ್ತಾದ ಮೇಲೆ ಬಲಗೈಯನ್ನು ಜೇಬಿನಿಂದ ತೆಗೆದು ತಮ್ಮ ಕಾಗದ ಬಿಚ್ಚಿದರು. ಓದುತ್ತ ಹೋದಂತೆ ತುಟಿಗಳು ಅಕ್ಷರಗಳನ್ನು ಹಿಂಬಾಲಿಸಿದವು.

"ಇದನ್ನ ನಾನು ಬರೆದದ್ದಾ?"

"ಹೌದು."

"'ನೀನು ಸತ್ತರೂ ನನಗೆ ತಿಳಿಸಬೇಡ.'" ಓದಿ, ಕಾಗದವನ್ನು ತಿರುವಿ ಬೆನ್ನು ನೋಡಿದರು, ಅಲ್ಲಿ ಬೇರೆ ಏನಾದರೂ ಬರೆದಿರಬಹುದೆಂಬಂತೆ. "ಸದ್ಯ, ಅವನು ಓದಿಲ್ಲ. ಓದಿಲ್ಲ ಅಲ್ವಾ?"

"ಓದಿಲ್ಲ."

ಗಡಿಯಾರ ಸದ್ದು ಮಾಡುತ್ತಿತ್ತು. ಯಜಮಾನರು ತಲೆಯೆತ್ತಿದರು. ನಾಲ್ಕು ಐವತ್ತೆರಡು.

"ಎಂಟು ನಿಮಿಷ ಹೀಗೇ ಕೂತಿದ್ರೆ ಗೋದಾಮು ನನಗೆ."

"ಹೌದು."

"ನೀನೇನೂ ಮಾಡೋಕಾಗಲ್ಲ."

"ಆಗಲ್ಲ."

ಅವರು ಕಂದು ಲಕೋಟೆಯತ್ತ ಕಣ್ಣು ಹಾಯಿಸಿದರು. "ತುಂಬಾ ಬೈದಿದ್ದಾಳಾ?"

"ತುಂಬಾ."

"ಹೆಂಗೆ?"

"ಅದು ನಿಮ್ಮ ಕಾಗದ ಸಾರ್. ಬೇರೆಯವರು ಓದಿ ಹೇಳಬಾರದು."

ಯಜಮಾನರ ಗಂಟಲಿನಿಂದ ಕೆಮ್ಮೂ ಅಲ್ಲದ ನಗುವೂ ಅಲ್ಲದ ಸದ್ದೊಂದು ಬಂತು. ತಮ್ಮ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಎದೆಯ ಜೇಬಿಗೆ ಹಾಕಿಕೊಂಡರು. ಆಮೇಲೆ, ಅವಳ ಮುಖ ನೋಡದೆ, ಮಣ್ಣು ಮೆತ್ತಿದ ಅಂಗೈಯನ್ನು ಮೇಜಿನ ಮೇಲೆ ಚಾಚಿದರು.

ಟಕಟಕ ಲಕೋಟೆಯನ್ನು ಆ ಅಂಗೈಯ ಮೇಲಿಟ್ಟಳು. ಬೆರಳು ಮಡಚಿಕೊಂಡವು. ಅವಳು ವಹಿ ಮುಂದಿಟ್ಟಳು. ಅವರು ಸಹಿ ಮಾಡಿ, ಪಕ್ಕದಲ್ಲಿ ಗಂಟೆ ಬರೆದು, ಲಕೋಟೆ ಒಡೆದು ಓದಿದರು. "ಏಳು ಸಲ ಹಾಕಿದರೂ ಹೋಗದ ಕಲೆಯಂತೆ," ಎಂದರು. "ಕತ್ತೆ. ಆ ಕೊಳಾಯಿ ರಿಪೇರಿ ಮಾಡಿಸ್ತೀನಿ ಅಂತ ಹೇಳು ಅವಳಿಗೆ."

ಹೋಗಲು ಏಳಲಿಲ್ಲ. ವಾಯಿದೆಯಮ್ಮನ ಫೋನನ್ನು ತಮ್ಮ ಕಡೆ ಎಳೆದುಕೊಂಡರು. "ನನ್ನ ನಂಬರ್ ನೋಡಿದ್ರೆ ಎತ್ತಲ್ಲ ನಮ್ಮಣ್ಣ," ಎಂದು ಯಾರಿಗೋ ವಿವರಿಸುವಂತೆ ಹೇಳಿ, ಎಲ್ಲೂ ನೋಡದೆ ಅಂಕಿಗಳನ್ನು ಒತ್ತಿದರು. ಆ ಕಡೆ ಗಂಟೆ ಬಾರಿಸುವುದು ಟಕಟಕಳಿಗೂ ಕೇಳಿಸುತ್ತಿತ್ತು. ಒಂದು, ಎರಡು, ಐದು, ಎಂಟು. ಯಜಮಾನರು ಇಟ್ಟುಬಿಡಲೆಂದು ಕೈ ಇಳಿಸುತ್ತಿದ್ದಾಗ ಗಂಟೆ ನಿಂತಿತು. ವಯಸ್ಸಾದ ದನಿಯೊಂದು, "ಯಾರು?" ಎಂದಿತು.

ಯಜಮಾನರು ಕುರ್ಚಿಯನ್ನು ಹಿಂದಕ್ಕೆ ಸರಿಸಿ ಎದ್ದು ನಿಂತರು, ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು.
</pi­ece>